ಒಳಮನಸ್ಸಿನ ಒಲವುಗಳು ನಮಗೆ ಗೊತ್ತೇ ಆಗುವುದಿಲ್ಲವಾ?

ಒಳಮನಸ್ಸಿನ ಒಲವು ಅಂದರೆ ಯಾವುದೋ ಗುಂಪಿನ ಜನರ ಬಗ್ಗೆ ಯೋಚಿಸದೆಯೇ ತಾನಾಗಿ ಮೂಡುವ ಇಷ್ಟ-ಅನಿಷ್ಟ. ಅದು ನಮಗೆ ಗೊತ್ತೇ ಆಗುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಮನಶ್ಶಾಸ್ತ್ರಜ್ಞರಾದ ಗ್ರೀನ್‌ವಾಲ್ಡ್ ಮತ್ತು ಬನಾಜಿ 1995ರಲ್ಲಿ, ಇಂಥ ಒಲವುಗಳು ಒಳಗೆ ಎಷ್ಟು ಇಣುಕಿದರೂ ಸರಿಯಾಗಿ ಕಾಣುವುದಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದರು. ಆ ಮಾತೇ ಎಲ್ಲ ಕಡೆ ಹರಡಿತು. 1998ರಲ್ಲಿ ಈ ಒಲವುಗಳನ್ನು ಅಳೆಯುವ ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಪರೀಕ್ಷೆ ಬಂತು. ಪರದೆ ಮೇಲೆ ಒಂದು ಮುಖವೋ ಪದವೋ ಬರುತ್ತದೆ, ಎರಡು ಕೀಗಳಲ್ಲಿ ಒಂದನ್ನು ತಕ್ಷಣ ಒತ್ತಬೇಕು. 'ವಯಸ್ಸಾದವರು' ಮತ್ತು 'ಒಳ್ಳೆಯದು' ಎರಡಕ್ಕೂ ಒಂದೇ ಕೀ ಇದ್ದಾಗ ಎಷ್ಟೋ ಜನರ ಬೆರಳು ಚೂರು ತಡೆಯುತ್ತದೆ, ಆ ತಡವನ್ನೇ ಮಿಲಿಸೆಕೆಂಡುಗಳಲ್ಲಿ ಅಳೆದು ಒಲವಿನ ಗುರುತಾಗಿ ನೋಡುತ್ತಾರೆ.

ಆದರೆ ಬೆರಳು ತಡೆದದ್ದು ನಮಗೂ ಗೊತ್ತಾಗುತ್ತದೆ ಅಲ್ವಾ? 2014ರಲ್ಲಿ ಹಾನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಇದನ್ನೇ ನೋಡಿದರು. ಬೇರೆ ಬೇರೆ ಗುಂಪುಗಳ ಬಗ್ಗೆ ನಿಮ್ಮ ಐಎಟಿ ಫಲಿತಾಂಶ ಏನು ಬರಬಹುದು ಎಂದು ಮೊದಲೇ ಊಹಿಸಿ ಅಂದಾಗ ಜನ ಸಾಕಷ್ಟು ಸರಿಯಾಗಿಯೇ ಊಹಿಸಿದರು, ಬಾಯಿಬಿಟ್ಟು ಹೇಳುವ ಅಭಿಪ್ರಾಯ ಬೇರೆಯೇ ಇದ್ದರೂ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ಹಾಗಾಗಿ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು. ಆ ಭಾವನೆ ನಮಗೆ ಗೊತ್ತಾ? ಬಹಳ ಸಲ ಹೌದು. ಎಲ್ಲಿಂದ ಬಂತು ಗೊತ್ತಾ? ಇದು ಕಷ್ಟ, ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಮ್ಮ ನಡವಳಿಕೆಯನ್ನು ಅದು ಹೇಗೆ ಎಳೆಯುತ್ತದೆ ಎಂಬುದಂತೂ ಕಣ್ತಪ್ಪುವುದೇ ಜಾಸ್ತಿ.