ಓದುಗರ ಪ್ರಶ್ನೆ: ಆಡ್‌ಆನ್ ಹಾಕಿದ್ದೇನೆ, ಆಟಕ್ಕೆ ಕಾಣುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟಕ್ಕೆ ಅಭಿಮಾನಿಗಳೇ ಬರೆದು ಹಂಚುವ ಆಡ್‌ಆನ್‌ಗಳ, ಅಂದರೆ ಆಟಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಮ್‌ಗಳ ಬಗ್ಗೆ. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಫೋಲ್ಡರ್, ಫೈಲ್, ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ.

ಪ್ರಶ್ನೆ: ಬ್ಯಾಗಿನ ಸಾಮಾನು ಜೋಡಿಸಿಡುವ ಆಡ್‌ಆನ್ ಒಂದನ್ನು ಗಿಟ್‌ಹಬ್ ಎಂಬ ಕೋಡ್ ಹಂಚುವ ಜಾಲತಾಣದಿಂದ ಜಿಪ್ ಆಗಿ ಇಳಿಸಿಕೊಂಡೆ. ಮೂರು ಸಲ ಹಾಕಿದರೂ ಪಟ್ಟಿಯಲ್ಲಿ ಅದರ ಹೆಸರೇ ಬರುತ್ತಿಲ್ಲ. (ಓದುಗರು, ನಾಪೋಕ್ಲು)

ಉತ್ತರ: ಫೋಲ್ಡರಿನ ಹೆಸರು ನೋಡಿ. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಇರುತ್ತದೆ. ಆಡ್‌ಆನಿನ ಹೆಸರು ‘ಚೀಲ’ ಎಂದಿಟ್ಟುಕೊಳ್ಳಿ. ಆಟ ತೆರೆಯುವಾಗ ಆಡ್‌ಆನ್ಸ್ ಫೋಲ್ಡರಿನೊಳಗೆ ‘ಚೀಲ’ ಎಂಬ ಫೋಲ್ಡರ್, ಅದರೊಳಗೆ ಅದೇ ಹೆಸರಿನ ‘ಚೀಲ.ಟಿಓಸಿ’ ಫೈಲ್ (ಆಡ್‌ಆನಿನ ವಿವರ ಹೇಳುವ ಪಟ್ಟಿ) ಇದೆಯೇ ಎಂದು ಹುಡುಕುತ್ತದೆ. ಎರಡು ಹೆಸರೂ ತಾಳೆಯಾಗದಿದ್ದರೆ ತಪ್ಪಿನ ಸೂಚನೆ ಏನೂ ಕೊಡದೆ ಸುಮ್ಮನೆ ಬಿಟ್ಟುಬಿಡುತ್ತದೆ. ಗಿಟ್‌ಹಬ್‌ನಲ್ಲಿ ಹಸಿರು ಬಟನ್ ಒತ್ತಿ ಇಳಿಸಿದ ಜಿಪ್ ಬಿಚ್ಚಿದರೆ ಫೋಲ್ಡರಿಗೆ ‘ಚೀಲ-ಮೇನ್’ ಎಂದೋ ‘ಚೀಲ-ಮಾಸ್ಟರ್’ ಎಂದೋ ಹೆಸರು ಬಂದಿರುತ್ತದೆ. ಆ ಬಾಲ ಕತ್ತರಿಸಿ.

ಎರಡನೆಯದು, ಪೆಟ್ಟಿಗೆಯೊಳಗೆ ಪೆಟ್ಟಿಗೆ. ವಿಂಡೋಸ್‌ನ ‘ಎಕ್ಸ್‌ಟ್ರಾಕ್ಟ್ ಆಲ್’ ಕೊಟ್ಟರೆ ಜಿಪ್‌ನ ಹೆಸರಿನಲ್ಲಿ ಹೊರಗೊಂದು ಫೋಲ್ಡರ್ ಹುಟ್ಟಿ, ನಿಜವಾದದ್ದು ಅದರ ಹೊಟ್ಟೆಯಲ್ಲಿ ಉಳಿಯುತ್ತದೆ. ಫೋಲ್ಡರ್ ತೆರೆದ ಕೂಡಲೇ ಟಿಓಸಿ ಫೈಲ್ ಕಣ್ಣಿಗೆ ಬೀಳಬೇಕು; ಇನ್ನೊಂದು ಫೋಲ್ಡರ್ ಕಂಡರೆ ಒಳಗಿನದನ್ನು ಹೊರಗೆ ತನ್ನಿ. ದಾರಿಯೂ ಸರಿ ಇರಬೇಕು: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಫೋಲ್ಡರ್, ಅದರಲ್ಲಿ _ರೀಟೇಲ್_, ಅದರಲ್ಲಿ ಇಂಟರ್‌ಫೇಸ್, ಅದರಲ್ಲಿ ಆಡ್‌ಆನ್ಸ್. ಹಳೆಯ ಕ್ಲಾಸಿಕ್ ಆಡುವವರಿಗೆ _ರೀಟೇಲ್_ ಬದಲು _ಕ್ಲಾಸಿಕ್_ಎರಾ_. ಎರಡೂ ಆಟ ಇಟ್ಟುಕೊಂಡವರು ಒಂದರದ್ದನ್ನು ಇನ್ನೊಂದಕ್ಕೆ ಹಾಕಿ ತಲೆ ಕೆಡಿಸಿಕೊಳ್ಳುವುದು ಮಾಮೂಲಿ.

ಇಷ್ಟಾದರೂ ಒಂದು ತೊಡಕು ಉಳಿಯಬಹುದು. ಆ ಹಸಿರು ಬಟನ್ನಿನ ಜಿಪ್ ಬರೀ ಮೂಲ ಕೋಡ್. ಬೇರೆಯವರು ಬರೆದ ಲೈಬ್ರರಿಗಳನ್ನು (ಸಿದ್ಧ ಕೋಡಿನ ತುಣುಕುಗಳನ್ನು) ಎಷ್ಟೋ ಲೇಖಕರು ಬಿಡುಗಡೆ ಮಾಡುವ ಹೊತ್ತಿಗೆ ಮಾತ್ರ ಸೇರಿಸುತ್ತಾರೆ. ಹೆಸರು ಪಟ್ಟಿಗೆ ಬಂದ ಮೇಲೆ ‘ಲಿಬ್‌ಸ್ಟಬ್’ ಎಂಬ ಲೈಬ್ರರಿ ಇಲ್ಲ ಎಂಬ ಎರರ್ ಕಂಡರೆ ಕಾರಣ ಇದೇ. ಅದೇ ಪುಟದ ‘ರಿಲೀಸಸ್’ ವಿಭಾಗಕ್ಕೆ ಹೋಗಿ ಅಲ್ಲಿನ ಜಿಪ್ ಇಳಿಸಿಕೊಳ್ಳಿ. ಹೊಸದಾಗಿ ಹಾಕಿದ ಆಡ್‌ಆನಿಗೆ ಆಟವನ್ನು ಪೂರ್ತಿ ಮುಚ್ಚಿ ತೆರೆಯಿರಿ. ಈಗಾಗಲೇ ಇರುವ ಫೈಲ್ ತಿದ್ದಿದ್ದರೆ ಚಾಟ್‌ನಲ್ಲಿ /ರೀಲೋಡ್ ಸಾಕು.

ಪ್ರಶ್ನೆ: ಆಟ ಅಪ್‌ಡೇಟ್ ಆದ ಮೇಲೆ ಆಡ್‌ಆನ್‌ಗಳಿಗೆಲ್ಲ ‘ಔಟ್ ಆಫ್ ಡೇಟ್’ ಎಂದು ಬರುತ್ತಿದೆ. ಗೆಳೆಯನೊಬ್ಬ ಫೈಲಿನಲ್ಲಿ ನಂಬರ್ ಬದಲಿಸಿದರೆ ಸರಿಯಾಗುತ್ತದೆ ಎನ್ನುತ್ತಾನೆ. ಹೌದೇ? (ಓದುಗರು, ಸೋಮವಾರಪೇಟೆ)

ಉತ್ತರ: ಅರ್ಧ ಹೌದು. ಟಿಓಸಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೇಲ್ಗಡೆ ‘## ಇಂಟರ್‌ಫೇಸ್:’ ಎಂಬ ಸಾಲು ಕಾಣುತ್ತದೆ. ಅದರ ಮುಂದಿನ ಅಂಕಿ ಆಟದ ಯಾವ ಆವೃತ್ತಿಗೆ ಆಡ್‌ಆನ್ ಬರೆದದ್ದು ಎಂಬುದರ ಗುರುತು. 11.0.7 ಆವೃತ್ತಿಗೆ 110007, 11.1.5ಕ್ಕೆ 110105, ಕ್ಲಾಸಿಕ್‌ನ 1.15.7ಕ್ಕೆ 11507. ಅಂದರೆ ಚುಕ್ಕಿ ತೆಗೆದು, ಎರಡನೆಯ ಮತ್ತು ಮೂರನೆಯ ಭಾಗವನ್ನು ಎರಡೆರಡು ಅಂಕಿ ಮಾಡಿ ಬರೆಯುವುದು. ಅಂಕಿ ಬದಲಿಸಿದರೆ ಎಚ್ಚರಿಕೆ ಹೋಗುತ್ತದೆ. ಕೋಡ್ ಮಾತ್ರ ಹಳೆಯದೇ. ಬಸ್ಸಿನ ಬೋರ್ಡು ಬದಲಾಯಿಸಿದಷ್ಟಕ್ಕೆ ರೂಟ್ ಬದಲಾಗುತ್ತದೆಯೇ? ಸಣ್ಣ ಪ್ಯಾಚ್ ಬಂದಾಗ ಇಷ್ಟರಲ್ಲೇ ಕೆಲಸ ಸಾಗುವುದುಂಟು, ದೊಡ್ಡ ಆವೃತ್ತಿ ಬಂದಾಗ ಸಾಗದು. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಹೆಸರು ‘ಚೀಲ.ಟಿಓಸಿ.ಟಿಎಕ್ಸ್‌ಟಿ’ ಆಗದಂತೆ ನೋಡಿಕೊಳ್ಳಿ. ವಿಂಡೋಸ್ ಆ ಕೊನೆಯ ತುಂಡನ್ನು ಮುಚ್ಚಿಡುತ್ತದೆ. ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಳ್ಳಿ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ಆಡುವ ಮಧ್ಯೆಯೇ ಕರೆಂಟ್ ಹೋಗುತ್ತದೆ. ಮೊನ್ನೆ ಹಾಗಾದಾಗ ಎರಡು ಗಂಟೆ ಕೂತು ಜೋಡಿಸಿದ ಸೆಟ್ಟಿಂಗ್ ಎಲ್ಲ ಹೋಯಿತು. ಇನ್ನೊಂದು ಆಡ್‌ಆನ್ ಅಂತೂ ಹೊಸದಾಗಿ ಹಾಕಿದ ಹಾಗೆ ತೆರೆದುಕೊಂಡಿತು. (ಓದುಗರು, ಭಾಗಮಂಡಲ)

ಉತ್ತರ: ಕಕ್ಕಡದ ಮಳೆಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಯಾರೇನು ಮಾಡಲಾದೀತು! ಫೈಲ್‌ಗಳನ್ನು ಮಾತ್ರ ಕಾಪಾಡಿಕೊಳ್ಳಬಹುದು. ನಿಮಗೆ ಆದದ್ದು ಎರಡು ಬೇರೆ ಬೇರೆ ಸಂಗತಿ.

ಆಡುವಾಗ ನೀವು ಬದಲಿಸಿದ ಸೆಟ್ಟಿಂಗ್ ಎಲ್ಲ ಮೆಮೊರಿಯಲ್ಲೇ ಇರುತ್ತದೆ. ಲಾಗ್‌ಔಟ್ ಆದಾಗ, ಸರಿಯಾಗಿ ಎಕ್ಸಿಟ್ ಕೊಟ್ಟಾಗ, ಇಲ್ಲವೇ /ರೀಲೋಡ್ ಹೊಡೆದಾಗ ಮಾತ್ರ ಅದು ಡಿಸ್ಕಿಗೆ ಹೋಗುವುದು. ನಿಮ್ಮ ಎರಡು ಗಂಟೆಯ ಕೆಲಸ ಡಿಸ್ಕಿನ ಮೇಲೆ ಇರಲೇ ಇಲ್ಲ, ಅದು ಮರಳಿ ಬಾರದು. ಇನ್ನು ಮುಂದೆ ದೊಡ್ಡ ಬದಲಾವಣೆ ಮಾಡಿದ ಕೂಡಲೇ ಒಮ್ಮೆ /ರೀಲೋಡ್ ಹೊಡೆಯಿರಿ. ಗಾಳಿ ಎದ್ದು ದೀಪ ಮಿಣುಕತೊಡಗಿದರೆ ಮತ್ತೊಮ್ಮೆ ಹೊಡೆಯಿರಿ.

ಹೊಸದರ ಹಾಗೆ ತೆರೆದುಕೊಂಡದ್ದು ಬೇರೆ ಕತೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಫೈಲ್ ಅರ್ಧಕ್ಕೆ ತುಂಡಾಗಿರಬೇಕು. ಆಡ್‌ಆನ್ ಬರೆಯುವ ಲುವಾ ಭಾಷೆಯ ಫೈಲಿನಲ್ಲಿ ಒಂದು ಆವರಣ ಚಿಹ್ನೆ ಮುಚ್ಚದೆ ಹೋದರೂ ಓದಲಾಗದು. ಹಳೆಯ ಸೆಟ್ಟಿಂಗ್ ಸಿಗದ ಆಡ್‌ಆನ್ ಮೊದಲಿಂದ ಶುರುಮಾಡುತ್ತದೆ. ಇದಕ್ಕೆ ಮದ್ದು ಇದೆ, ಆದರೆ ಆಟ ತೆರೆಯುವ ಮೊದಲೇ ಮಾಡಬೇಕು. ಇಂಟರ್‌ಫೇಸ್ ಫೋಲ್ಡರಿನ ಪಕ್ಕದಲ್ಲೇ ಇರುವ ಡಬ್ಲ್ಯುಟಿಎಫ್ ಫೋಲ್ಡರ್, ಅದರಲ್ಲಿ ಅಕೌಂಟ್, ಅದರಲ್ಲಿ ನಿಮ್ಮ ಖಾತೆಯ ಫೋಲ್ಡರ್, ಅದರಲ್ಲಿ ಸೇವ್ಡ್‌ವೇರಿಯೇಬಲ್ಸ್. ಅಲ್ಲಿ ‘ಚೀಲ.ಲುವಾ’ ಪಕ್ಕದಲ್ಲೇ ‘ಚೀಲ.ಲುವಾ.ಬಿಎಕೆ’ ಕೂತಿರುತ್ತದೆ. ಅದು ಹಿಂದಿನ ಸಲ ಉಳಿಸಿದ ಪ್ರತಿ. ಮೊದಲನೆಯದು ಸೊನ್ನೆ ಕೆಬಿ ಇದ್ದರೆ ಅಥವಾ ಕೊನೆಯ ಸಾಲು ನಡುವೆಯೇ ನಿಂತಿದ್ದರೆ ಅದರ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಬಿಎಕೆ ಫೈಲಿನ ಬಾಲ ತೆಗೆದು ಅದರ ಜಾಗಕ್ಕೆ ಕೂರಿಸಿ. ಇದನ್ನು ಮಾಡದೆ ಒಮ್ಮೆ ಆಟಕ್ಕೆ ಹೋಗಿ ಹೊರಬಂದಿರೋ, ಆಟ ಹೊಸದಾಗಿ ಬರೆಯುವಾಗ ಕೆಟ್ಟ ಫೈಲೇ ಬಿಎಕೆ ಆಗಿ ಕೂರುತ್ತದೆ, ಒಳ್ಳೆಯ ಪ್ರತಿ ಅಳಿಯುತ್ತದೆ. ಕೆಲವು ಆಡ್‌ಆನ್‌ಗಳು ಪಾತ್ರಕ್ಕೊಂದರಂತೆ ಸೆಟ್ಟಿಂಗ್ ಇಡುತ್ತವೆ. ಅವುಗಳ ಫೈಲ್ ರೆಲ್ಮ್ (ನೀವು ಆಡುವ ಸರ್ವರ್) ಮತ್ತು ಪಾತ್ರದ ಹೆಸರಿನ ಫೋಲ್ಡರಿನ ಒಳಗೆ ಇನ್ನೊಂದು ಸೇವ್ಡ್‌ವೇರಿಯೇಬಲ್ಸ್‌ನಲ್ಲಿ ಸಿಗುತ್ತದೆ.

ವಾರಕ್ಕೊಮ್ಮೆ ಇಂಟರ್‌ಫೇಸ್ ಮತ್ತು ಡಬ್ಲ್ಯುಟಿಎಫ್ ಎರಡೂ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ತಾರೀಕು ಬರೆದಿಡಿ. ಮಡಿಕೇರಿಯ ಹಾಸ್ಟೆಲಿನ ಲ್ಯಾಪ್‌ಟಾಪಿನಿಂದ ಮನೆಯ ಕಂಪ್ಯೂಟರಿಗೆ ಎಲ್ಲವನ್ನೂ ಸಾಗಿಸುವುದು ಹೇಗೆ ಎಂದು ಕೇಳಿದವರಿಗೂ ಇದೇ ಉತ್ತರ.

ಪ್ರಶ್ನೆ: ನಾನು ಬಳಸುವ ಆಡ್‌ಆನಿನ ಲೇಖಕ ಅದನ್ನು ಕೈಬಿಟ್ಟಿದ್ದಾನೆ. ಅಲ್ಪಸ್ವಲ್ಪ ಪ್ರೋಗ್ರಾಮಿಂಗ್ ಬರುತ್ತದೆ. ನಾನೇ ರಿಪೇರಿ ಮಾಡಿ ಹಂಚಬಹುದೇ? (ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ಮಾಡಬಹುದು, ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಮೊದಲು ಬಗ್‌ಗ್ರ್ಯಾಬರ್ ಮತ್ತು ಬಗ್‌ಸ್ಯಾಕ್ ಎಂಬ ಎರಡು ಆಡ್‌ಆನ್ ಹಾಕಿಕೊಳ್ಳಿ. ಎರರ್‌ಗಳನ್ನು ಹಿಡಿದು ಸಾಲಾಗಿ ತೋರಿಸುತ್ತವೆ. ಸೆಷನ್ನಿನ ಮೊಟ್ಟಮೊದಲ ಎರರ್ ಓದಿ. ಆಮೇಲಿನ ಮೂವತ್ತು ಸಾಮಾನ್ಯವಾಗಿ ಅದರ ಮರಿಗಳು. ಯಾವ ಫೈಲಿನ ಎಷ್ಟನೆಯ ಸಾಲು, ಯಾವ ಫಂಕ್ಷನ್ ‘ನಿಲ್’ (ಅಂದರೆ ಇಲ್ಲ) ಎಂಬುದು ಅಲ್ಲೇ ಇರುತ್ತದೆ.

ಹಳೆಯ ಆಡ್‌ಆನ್‌ಗಳಲ್ಲಿ ಪದೇ ಪದೇ ಕಾಣುವ ಒಂದನ್ನು ನೋಡಿ. 11.0 ಆವೃತ್ತಿಯಲ್ಲಿ ಗೆಟ್‌ಸ್ಪೆಲ್‌ಇನ್ಫೋ ಎಂಬ ಫಂಕ್ಷನ್ ತೆಗೆದುಹಾಕಿ, ಅದರ ಕೆಲಸವನ್ನು ಸಿ_ಸ್ಪೆಲ್ ಎಂಬ ಗುಂಪಿನೊಳಗಿನ ಅದೇ ಹೆಸರಿನ ಫಂಕ್ಷನ್ನಿಗೆ ಕೊಟ್ಟರು. ಹೆಸರನ್ನು ಮಾತ್ರ ಬದಲಿಸಿ ಸುಮ್ಮನಾದರೆ ‘ಟೇಬಲನ್ನು ಪಠ್ಯಕ್ಕೆ ಜೋಡಿಸಲಾಗದು’ ಎಂಬರ್ಥದ ಇನ್ನೊಂದು ಎರರ್ ಎದುರಾಗಬಹುದು. ಕಾರಣ, ಹಳೆಯದು ಹೆಸರು, ರ‍್ಯಾಂಕ್, ಐಕಾನ್ ಹೀಗೆ ಒಂದರ ಹಿಂದೆ ಒಂದಾಗಿ ಬೆಲೆಗಳನ್ನು ಕೊಡುತ್ತಿತ್ತು, ಹೊಸದು ಎಲ್ಲವನ್ನೂ ಒಂದೇ ಟೇಬಲಿನಲ್ಲಿ ಕಟ್ಟಿ ಕೊಡುತ್ತದೆ. ಆ ಟೇಬಲಿನಿಂದ ‘ನೇಮ್’, ‘ಐಕಾನ್‌ಐಡಿ’ ಎಂದು ಬಿಡಿಸಿಕೊಳ್ಳಬೇಕು. ತಪ್ಪು ಐಡಿ ಕೊಟ್ಟರೆ ಟೇಬಲೇ ಬರುವುದಿಲ್ಲ, ಆದ್ದರಿಂದ ಬಂದಿದೆಯೇ ಎಂದು ಮೊದಲು ಪರೀಕ್ಷಿಸಿ. ಪುಟಾಣಿ ಫಂಕ್ಷನ್ ಒಂದನ್ನು ನೀವೇ ಬರೆದು ಎಲ್ಲ ಕಡೆ ಅದನ್ನೇ ಕರೆದರೆ, ಮುಂದಿನ ಸಲ ಒಂದೇ ಜಾಗದಲ್ಲಿ ತಿದ್ದಿದರೆ ಆಯಿತು.

ಹಂಚುವ ಮೊದಲು ಲೈಸೆನ್ಸ್ ನೋಡಿ. ಎಂಐಟಿ ಅಥವಾ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಇದ್ದರೆ ಮೂಲ ಲೇಖಕನ ಹೆಸರು, ಲೈಸೆನ್ಸ್ ಪಠ್ಯ ಉಳಿಸಿಕೊಂಡು ಹಂಚಬಹುದು. ಜಿಪಿಎಲ್ ಆದರೆ ನಿಮ್ಮದೂ ಜಿಪಿಎಲ್ ಆಗಿರಬೇಕು. ‘ಆಲ್ ರೈಟ್ಸ್ ರಿಸರ್ವ್ಡ್’ ಎಂದಿದ್ದರೆ ಅಥವಾ ಏನೂ ಬರೆದಿರದಿದ್ದರೆ ಲೇಖಕನ ಒಪ್ಪಿಗೆ ಸಿಗದೆ ಹಂಚಬೇಡಿ. ದುಡ್ಡಿಗೆ ಮಾರುವಂತಿಲ್ಲ: ಆಡ್‌ಆನ್ ಉಚಿತವಾಗಿರಬೇಕು, ಕೋಡ್ ಎಲ್ಲರಿಗೂ ಓದಲು ಸಿಗಬೇಕು, ಆಟದೊಳಗೆ ಜಾಹೀರಾತು ಅಥವಾ ದೇಣಿಗೆಯ ಬೇಡಿಕೆ ಇರಬಾರದು ಎಂದು ಆಟ ತಯಾರಿಸಿದ ಬ್ಲಿಝರ್ಡ್ ಕಂಪನಿ 2009ರಲ್ಲೇ ನಿಯಮ ಮಾಡಿದೆ. ಹೊಸ ಹೆಸರಿಟ್ಟರೆ ಇನ್ನೊಂದು ನೆನಪಿರಲಿ. ಸೆಟ್ಟಿಂಗ್ ಫೈಲಿನ ಹೆಸರು ಫೋಲ್ಡರಿನ ಹೆಸರನ್ನೇ ಹಿಡಿದು ಬರುವುದರಿಂದ ಹಳೆಯ ಬಳಕೆದಾರರಿಗೆ ಸೆಟ್ಟಿಂಗ್ ಕಳೆದುಹೋದಂತೆ ಕಾಣುತ್ತದೆ. ಆ ಲುವಾ ಫೈಲಿಗೂ ಹೊಸ ಹೆಸರು ಕೊಡುವಂತೆ ಸೂಚನೆಯಲ್ಲಿ ಬರೆಯಿರಿ.

ಪ್ರಶ್ನೆ: 24 ಆಡ್‌ಆನ್ ಇವೆ, ಯಾವುದೋ ಒಂದು ಆಟವನ್ನು ತಡವರಿಸುವಂತೆ ಮಾಡುತ್ತಿದೆ. ಹೇಗೆ ಹುಡುಕುವುದು? (ಓದುಗರು, ಕುಶಾಲನಗರ)

ಉತ್ತರ: ಪಾತ್ರ ಆಯ್ಕೆಯ ಪರದೆಯಲ್ಲಿ ‘ಆಡ್‌ಆನ್ಸ್’ ಒತ್ತಿ 12ನ್ನು ನಿಲ್ಲಿಸಿ. ತೊಂದರೆ ಹೋದರೆ ತಪ್ಪಿತಸ್ಥ ಆ ಹನ್ನೆರಡರಲ್ಲಿದೆ, ಹೋಗದಿದ್ದರೆ ಉಳಿದದ್ದರಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಐದೇ ಸಲಕ್ಕೆ ಸಿಗುತ್ತದೆ. ಒಂದನ್ನೊಂದು ಅವಲಂಬಿಸಿದವನ್ನು ಮಾತ್ರ ಬೇರ್ಪಡಿಸಬೇಡಿ.

ಪ್ರಶ್ನೆ: ಇದರಿಂದ ವೈರಸ್ ಬರುತ್ತದೆಯೇ? ಮಗ ಆಡುತ್ತಾನೆ, ಅದಕ್ಕೆ ಕೇಳುತ್ತಿದ್ದೇನೆ. (ತಾಯಿ, ಗೋಣಿಕೊಪ್ಪ)

ಉತ್ತರ: ಅಮ್ಮಾ, ಆಡ್‌ಆನಿನ ಕೋಡ್ ಆಟದೊಳಗೇ ಓಡುತ್ತದೆ, ಕಂಪ್ಯೂಟರಿನ ಬೇರೆ ಫೈಲ್ ಮುಟ್ಟಲು, ಇಂಟರ್‌ನೆಟ್‌ಗೆ ಹೋಗಲು ಆಟ ಅದಕ್ಕೆ ಬಿಡುವುದಿಲ್ಲ. ಜಿಪ್‌ನೊಳಗೆ ಇಎಕ್ಸ್‌ಇ ಫೈಲ್ (ತಾನೇ ಓಡುವ ಪ್ರೋಗ್ರಾಮ್) ಕಂಡರೆ ಮಾತ್ರ ಅಳಿಸಿಬಿಡಲು ಹೇಳಿ, ಆಡ್‌ಆನಿಗೆ ಅದು ಬೇಕಾಗುವುದೇ ಇಲ್ಲ. ಆಟದಲ್ಲಿ ಪರಿಚಯವಿಲ್ಲದವರು ‘/ರನ್’ ಎಂದು ಶುರುವಾಗುವ ಸಾಲು ಕೊಟ್ಟು ಚಾಟ್‌ನಲ್ಲಿ ಪೇಸ್ಟ್ ಮಾಡು ಎಂದರೆ ಮಾಡಬಾರದು, ಅವನ ಪಾತ್ರದ ಚಿನ್ನ ದೋಚಲು ಬಳಸುವ ಹಳೆಯ ಉಪಾಯ ಅದು.