ಆ ಚುಕ್ಕೆ ಮೀನು ಟ್ಯಾಂಕಿಗೆ ಬೇಡ ತಮ್ಮಾ

ಪುಣೆ ತಮ್ಮಾ, ನೀ ಹಾಕಿದ ಫೋಟೋ ಮೂರ್ನಾಲ್ಕು ಸಲ ಜೂಮ್ ಮಾಡಿ ನೋಡ್ದೆ. ಗೋವಾದ ವಾಸ್ಕೋ ಜೆಟ್ಟೀಲಿ ಟ್ರಾಲರ್‌ನವ್ರು ಗೊಬ್ಬರಕ್ಕೆ ಅಂತ ಬೇರೆ ಹಾಕಿದ ಬುಟ್ಟೀಲಿ ಸಿಕ್ತು, ಬೆರಳಿಗಿಂತ ಚಿಕ್ಕದು, ಹೊಟ್ಟೆ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಚುಕ್ಕೆ, ಇದ್ಯಾವ್ದು, ಜೀವಂತ ಸಿಕ್ರೆ ನನ್ನ ನಾಲ್ಕಡಿ ಮರೀನ್ ಟ್ಯಾಂಕಲ್ಲಿ ಸಾಕ್ಬಹುದಾ ಅಂತ ಕೇಳಿದ್ದೀಯ. ಇದು ಲ್ಯಾಂಟರ್ನ್ ಫಿಶ್. ಇಲ್ಲಿ ಒಬ್ರು ತಾರ್ಲೆ (ಬೂತಾಯಿ) ಮರಿ ಅಂದಿದ್ದಾರೆ, ಅಲ್ಲ. ತಾರ್ಲೆಗೆ ಬೆನ್ನಮೇಲೆ ಒಂದೇ ರೆಕ್ಕೆ, ಇದಕ್ಕೆ ಬಾಲದ ಕಡೆ ಇನ್ನೊಂದು ಪುಟಾಣಿ ಮೆತ್ತನೆ ರೆಕ್ಕೆ ಇರುತ್ತೆ, ಕಣ್ಣಂತೂ ಮುಖದ ತುಂಬಾ, ಬಾಯಿ ಕಣ್ಣು ದಾಟಿ ಹಿಂದಕ್ಕೆ ಸೀಳಿರುತ್ತೆ.

ಸಾಕೋದು ಮಾತ್ರ ಬೇಡ. ದೊಡ್ಡ ಪಬ್ಲಿಕ್ ಅಕ್ವೇರಿಯಂನವ್ರಿಗೇ ಇವನ್ನ ಉಳಿಸ್ಕೊಳ್ಳೋದು ಕಷ್ಟ. ಬಲೇಲಿ ಉಜ್ಜಿದ್ರೆ ಸಾಕು ಮೈಮೇಲಿನ ಹುರುಪೆ ಎಲ್ಲಾ ಉದುರಿ ಹೋಗುತ್ತೆ, ನಿನ್ನ ಫೋಟೋದಲ್ಲೂ ಅರ್ಧ ಮೈ ಬೋಳಾಗಿದೆ ನೋಡು. ಅದಕ್ಕಿಂತ ಮುಖ್ಯ, ಇದು ಹುಟ್ಟಿದಾಗಿಂದ ಗೋಡೆ ಅನ್ನೋದನ್ನೇ ನೋಡದ ಮೀನು, ದಿನಾ ಆಳದಿಂದ ಮೇಲಕ್ಕೆ ಹತ್ತಿ ಮತ್ತೆ ಇಳಿದು ಬದುಕೋದು.

ಈ ಕುಟುಂಬದಲ್ಲಿ ಸುಮಾರು 250 ಜಾತಿ ಇವೆ. ನಮ್ಮ ಅರಬ್ಬಿ ಸಮುದ್ರದಲ್ಲಿ ರಾಶಿ ರಾಶಿ ಇರೋದು ಬೆಂತೋಸೆಮಾ ಟೆರೋಟಮ್, ಆಲ್ಕಾಕ್ ಅನ್ನೋರು 1890ರಲ್ಲಿ ಹೆಸರಿಟ್ಟಿದ್ದು, ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್, ಆಯಸ್ಸು ಒಂದು ವರ್ಷದೊಳಗೆ. ಹಗಲೆಲ್ಲಾ 200-300 ಮೀಟರ್ ಆಳದಲ್ಲಿ ಇರುತ್ತೆ, ಅಲ್ಲಿ ನೀರಲ್ಲಿ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ತನಕ ಇಂಥ ಉಸಿರುಗಟ್ಟೋ ಪದರ ಇದೆ, ಇಲ್ಲೇ ಗೋವಾದ ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆಯವ್ರು ಅದನ್ನ ಎಷ್ಟೋ ವರ್ಷದಿಂದ ಅಳೀತಿದ್ದಾರೆ. ಟ್ಯೂನಾದಂಥ ದೊಡ್ಡ ಮೀನುಗಳು ಅಲ್ಲಿ ಬೆನ್ನಟ್ಟಿ ಬರೋಕಾಗಲ್ಲ, ಹಾಗಾಗಿ ಈ ಪಾಪದ ಮೀನಿಗೆ ಅದೇ ಅಡಗೋ ಜಾಗ. ಕತ್ತಲಾಗ್ತಿದ್ದ ಹಾಗೆ ಮೇಲೆ ಬಂದು ರಾತ್ರಿಯೆಲ್ಲಾ ಕೋಪೆಪಾಡ್ ಅನ್ನೋ ಸೀಗಡಿ ಬಳಗದ ಸಣ್ಣ ಸಣ್ಣ ಜೀವಿಗಳನ್ನ ತಿಂದು ಬೆಳಗಾಗೋದ್ರೊಳಗೆ ವಾಪಸ್.

ಒಂದ್ಸಲ ಸಂಜೆ ಬೋಟಲ್ಲಿ ಫಿಶ್ ಫೈಂಡರ್ (ನೀರೊಳಗೆ ಶಬ್ದ ಕಳಿಸಿ ಕೆಳಗಿನ ಮೀನು ತೋರಿಸೋ ಯಂತ್ರ) ಮುಂದೆ ಕೂತಿದ್ದೆ, ಕೆಳಗಿದ್ದ ಮೀನಿನ ಹಿಂಡಿನ ದಪ್ಪ ಪಟ್ಟಿ ನೋಡ್ತಾ ನೋಡ್ತಾ ಮೇಲೇರಿ ಬಂತು, ಮೈ ಜುಮ್ಮಂತು ಮಾರಾಯಾ. ಎರಡನೇ ಮಹಾಯುದ್ಧದ ಟೈಮಲ್ಲಿ ಅದೇ ಥರ ಶಬ್ದದಿಂದ ಕೆಲಸ ಮಾಡೋ ಸೋನಾರ್‌ನಲ್ಲಿ ಇಂಥದ್ದೇ ಪದರ ಕಂಡು ಸಮುದ್ರದ ತಳವೇ ಇಷ್ಟು ಮೇಲಿದೆಯಾ ಅಂತ ಗೊಂದಲ ಆಗಿತ್ತಂತೆ, ಮೀನಿನ ಹೊಟ್ಟೆಯ ಗಾಳಿಚೀಲಕ್ಕೆ ತಾಗಿ ಶಬ್ದ ವಾಪಸ್ ಬರೋದು ಅದಕ್ಕೆ ಕಾರಣ.

ಇನ್ನು ಆ ಚುಕ್ಕೆಗಳು ಬೆಳಕಿನ ಅಂಗ, ಬೆಳಕು ಬರೋದು ಮೀನಿನ ಮೈಯೊಳಗಿನ ರಾಸಾಯನಿಕದಿಂದಲೇ, ಬ್ಯಾಕ್ಟೀರಿಯಾದಿಂದಲ್ಲ. ಮೇಲಿಂದ ಬೀಳೋ ಮಂದ ಬೆಳಕಿಗೆ ಹೊಂದೋ ಹಾಗೆ ಹೊಟ್ಟೆ ಬೆಳಗಿಸ್ಕೊಳ್ಳುತ್ತೆ, ಆಗ ಕೆಳಗಿಂದ ನೋಡೋ ಬೇಟೆಗಾರನಿಗೆ ನೆರಳೇ ಕಾಣಲ್ಲ. ಚುಕ್ಕೆ ಎಲ್ಲೆಲ್ಲಿ ಎಷ್ಟೆಷ್ಟು ಅನ್ನೋದು ಜಾತಿಯಿಂದ ಜಾತಿಗೆ ಬೇರೆ, ಗುರುತು ಹಿಡಿಯೋದೇ ಅದನ್ನ ಎಣಿಸಿ.

ಮುಂಬೈಯಲ್ಲಿರೋ ಅಕ್ಕ ಒಬ್ರು ನಮ್ಮ ಸಸೂನ್ ಡಾಕ್ ಮೀನು ಬಂದರಲ್ಲಿ ಇದು ಯಾಕೆ ಕಾಣಲ್ಲ ಅಂತ ಕೇಳಿದ್ರು. ಅಕ್ಕಾ, ಮುಂಬೈ ಎದುರು ಆಳ ಕಮ್ಮಿ ಇರೋ ನೆಲ ಸಮುದ್ರದೊಳಗೆ ತುಂಬಾ ದೂರ ಹೋಗಿದೆ, ದಕ್ಷಿಣಕ್ಕೆ ಬಂದ ಹಾಗೆ ಅದು ಕಿರಿದಾಗುತ್ತೆ, ಈ ಮೀನು ಸಿಗೋದು ಆ ನೆಲ ಮುಗಿಯೋ ಅಂಚಲ್ಲಿ ಮತ್ತೆ ಅದರಾಚೆ.

ತಮ್ಮಾ, ಸತ್ತದ್ದು ಕೈಲಿದ್ರೆ ಎಸೀಬೇಡ, ಟ್ಯಾಂಕ್ ಮೀನಿಗೂ ಹಾಕ್ಬೇಡ, ಬುಟ್ಟೀಲಿ ಎಷ್ಟು ಹೊತ್ತು ಬಿದ್ದಿತ್ತೋ ಏನೋ, ನೀರು ಕೆಡುತ್ತೆ. ಐಸಲ್ಲಿಟ್ಟು ತಂದು ಸಣ್ಣ ಗಾಜಿನ ಬಾಟ್ಲೀಲಿ ಸ್ಪಿರಿಟ್ ಹಾಕಿಡು, ಬಣ್ಣ ಹೋಗುತ್ತೆ, ಚುಕ್ಕೆ ಉಳಿಯುತ್ತೆ. ಬೋಟ್‌ನವ್ರನ್ನ ಎಷ್ಟು ಆಳದಲ್ಲಿ ಬಲೆ ಎಳೆದಿದ್ದು, ಹಗಲೋ ರಾತ್ರಿಯೋ ಕೇಳಿ ಪೆನ್ಸಿಲಲ್ಲಿ ಬರೆದು ಚೀಟಿ ಒಳಗೇ ಹಾಕು, ಪೆನ್ನಿನ ಇಂಕು ಸ್ಪಿರಿಟಲ್ಲಿ ಕರಗುತ್ತೆ. ಮೊದಲು ಮಾತ್ರ ಎಡಮೈ ಮೇಲೆ ಬರೋ ಹಾಗೆ ಮಲಗಿಸಿ, ಪಕ್ಕಕ್ಕೆ ಸ್ಕೇಲಿಟ್ಟು, ಹೊಟ್ಟೆ ಕಡೆಯಿಂದ ಹತ್ತಿರದ್ದೊಂದು ಫೋಟೋ ತೆಗೆದು ಇಲ್ಲಿ ಹಾಕು, ಒಟ್ಟಿಗೆ ಕೂತು ಎಣಿಸೋಣ.