ಓದುಗರ ಪ್ರಶ್ನೆ: ಯೂರೋಪಿನ ಯುದ್ಧ, ಅಮೆರಿಕದ ಪಕ್ಷಗಳು

ಪ್ರಶ್ನೆ: ಜಾರ್ಜ್ ವಾಷಿಂಗ್ಟನ್ ಅವರಿಗೆ ಪಕ್ಷ ರಾಜಕಾರಣ ಇಷ್ಟವಿರಲಿಲ್ಲವೆಂದು ಓದಿದ್ದೇನೆ. ಹಾಗಿದ್ದೂ ಅವರ ಆಡಳಿತದಲ್ಲೇ ಅಮೆರಿಕದ ಮೊದಲ ಎರಡು ಪಕ್ಷಗಳು ಹುಟ್ಟಿದ್ದು ಹೇಗೆ? ಬ್ರಿಟನ್ ಮತ್ತು ಫ್ರಾನ್ಸ್‌ಗಳ ಯುದ್ಧಕ್ಕೂ ಇದಕ್ಕೂ ಏನು ಸಂಬಂಧ?
– ಒಬ್ಬ ಓದುಗರು, ಧಾರವಾಡ

ಉತ್ತರ: ಬಿರುಕು ಮೊದಲು ಕಾಣಿಸಿಕೊಂಡದ್ದು ಹಣಕಾಸಿನ ವಿಷಯದಲ್ಲಿ. 1791ರಲ್ಲಿ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸಲು ಹೊರಟಾಗ ಸಂಪುಟದೊಳಗೆ ಥಾಮಸ್ ಜೆಫರ್ಸನ್, ಪ್ರತಿನಿಧಿ ಸಭೆಯಲ್ಲಿ ಜೇಮ್ಸ್ ಮ್ಯಾಡಿಸನ್ ಅದನ್ನು ವಿರೋಧಿಸಿದರು. ಆ ಜಗಳವನ್ನು ಬೀದಿಗೆ ತಂದದ್ದು ಮಾತ್ರ 1793ರ ಯುದ್ಧವೇ. ರಾಜನ ತಲೆ ಕಡಿದ ಹೊಸ ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ, ಸ್ವಾತಂತ್ರ್ಯ ಸಮರದಲ್ಲಿ ಕೈಹಿಡಿದ ಆ ದೇಶದೊಂದಿಗೆ 1778ರಲ್ಲಿ ಮಾಡಿಕೊಂಡಿದ್ದ ಮೈತ್ರಿ ಒಪ್ಪಂದವನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ರಾಜನೊಂದಿಗೆ ಆದ ಒಪ್ಪಂದವನ್ನು ಸದ್ಯಕ್ಕೆ ಬದಿಗಿಡಬಹುದೆಂದು ಹ್ಯಾಮಿಲ್ಟನ್ ವಾದಿಸಿದರೆ, ಒಪ್ಪಂದವಾದದ್ದು ರಾಷ್ಟ್ರಗಳ ನಡುವೆ, ದೊರೆ ಹೋದರೂ ಅದು ಉಳಿಯುತ್ತದೆ ಎಂದು ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೆಫರ್ಸನ್ ಹೇಳಿದರು. ಯುದ್ಧಕ್ಕೆ ಇಳಿಯಬಾರದೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ; ಇದನ್ನು ಮರೆತರೆ ಆ ಕಾಲದ ರಾಜಕಾರಣ ಅರ್ಥವಾಗುವುದಿಲ್ಲ. ಏಪ್ರಿಲ್ 22ರಂದು ವಾಷಿಂಗ್ಟನ್ ಹೊರಡಿಸಿದ ತಟಸ್ಥ ಘೋಷಣೆಯಲ್ಲಿ ‘ತಟಸ್ಥ’ ಎಂಬ ಪದವೇ ಇಲ್ಲದಿರುವುದು ಸಂಪುಟದ ಆ ಎಳೆದಾಟದ ಗುರುತು.

ಹ್ಯಾಮಿಲ್ಟನ್‌ರ ಬ್ರಿಟನ್ ಒಲವನ್ನು ಕೇವಲ ಭಾವನೆಯೆಂದು ತಿಳಿಯುವುದು ತಪ್ಪು. ಸರ್ಕಾರದ ಆದಾಯದ ಬಹುಪಾಲು ಆಮದು ಸುಂಕದಿಂದ ಬರುತ್ತಿತ್ತು, ಆಮದಿನ ಬಹುಪಾಲು ಬ್ರಿಟನ್ನಿನಿಂದ ಬರುತ್ತಿತ್ತು. ಆ ವ್ಯಾಪಾರ ನಿಂತರೆ ಸಾಲ ತೀರಿಸುವ ಅವರ ಇಡೀ ಯೋಜನೆಯೇ ಕುಸಿಯುತ್ತಿತ್ತು. ಹೀಗಾಗಿ ಬ್ರಿಟಿಷ್ ನೌಕಾಪಡೆ ಅಮೆರಿಕದ ನೂರಾರು ವ್ಯಾಪಾರಿ ಹಡಗುಗಳನ್ನು ಹಿಡಿದಾಗಲೂ ಫೆಡರಲಿಸ್ಟರು, ಅಂದರೆ ಹ್ಯಾಮಿಲ್ಟನ್‌ರ ಗುಂಪಿನವರು, ಸಂಧಾನವನ್ನೇ ಬಯಸಿದರು. ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಲಂಡನ್ನಿನಲ್ಲಿ 1794ರ ನವೆಂಬರ್‌ನಲ್ಲಿ ಸಹಿ ಹಾಕಿದ ಒಪ್ಪಂದದಿಂದ ಅಮೆರಿಕದ ಪಶ್ಚಿಮ ಭಾಗದಲ್ಲಿ ಇನ್ನೂ ತಮ್ಮ ಹಿಡಿತದಲ್ಲಿದ್ದ ಕೋಟೆಗಳನ್ನು ಬ್ರಿಟಿಷರು ತೆರವು ಮಾಡುವಂತಾಯಿತು. ಅದರ 13ನೆಯ ವಿಧಿಯಿಂದ ನಮ್ಮ ನಾಡಿನ ಬ್ರಿಟಿಷ್ ಬಂದರುಗಳೂ ಅಮೆರಿಕದ ಹಡಗುಗಳಿಗೆ ತೆರೆದವು. ಆದರೆ ಅಮೆರಿಕದ ನಾವಿಕರನ್ನು ಬಲವಂತವಾಗಿ ಬ್ರಿಟಿಷ್ ನೌಕಾಪಡೆಗೆ ಎಳೆದೊಯ್ಯುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಜನ ಜೇ ಅವರ ಪ್ರತಿಕೃತಿಗಳನ್ನು ಸುಟ್ಟರು. ಸೆನೆಟ್ 20–10 ಮತಗಳಿಂದ ಒಪ್ಪಂದಕ್ಕೆ ಸಮ್ಮತಿಸಿತು, ಅಂದರೆ ಬೇಕಿದ್ದ ಮೂರನೇ ಎರಡರಷ್ಟು ಮತಕ್ಕಿಂತ ಒಂದೂ ಹೆಚ್ಚಿಲ್ಲ. ಅದರ ಜಾರಿಗೆ ಬೇಕಾದ ಹಣಕ್ಕಾಗಿ 1796ರಲ್ಲಿ ಪ್ರತಿನಿಧಿ ಸಭೆಯಲ್ಲಿ 51–48ರ ಮತದಾನ ನಡೆಯುವಷ್ಟರಲ್ಲಿ ಎರಡು ಗುಂಪುಗಳು ಫೆಡರಲಿಸ್ಟ್ ಮತ್ತು (ಜೆಫರ್ಸನ್, ಮ್ಯಾಡಿಸನ್‌ರ) ರಿಪಬ್ಲಿಕನ್ ಎಂಬ ಎರಡು ಪಕ್ಷಗಳಾಗಿ ಗಟ್ಟಿಗೊಂಡಿದ್ದವು.

ಪ್ರಶ್ನೆ: ಫೆಡರಲಿಸ್ಟರು ಬ್ರಿಟನ್ನಿನ ಕೈಗೊಂಬೆಗಳಾಗಿದ್ದರಿಂದಲೇ ಅವರ ಪಕ್ಷ ಅಳಿಯಿತೇ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ಕೈಗೊಂಬೆ ಎಂಬುದು ಎದುರಾಳಿಗಳ ಬೈಗುಳ, ರಿಪಬ್ಲಿಕನ್ನರನ್ನು ಫೆಡರಲಿಸ್ಟರೂ ಫ್ರಾನ್ಸಿನ ಏಜೆಂಟರೆಂದು ಕರೆಯುತ್ತಿದ್ದರು. ಫ್ರೆಂಚ್ ಅಧಿಕಾರಿಗಳ ಪ್ರತಿನಿಧಿಗಳು ಅಮೆರಿಕದ ರಾಯಭಾರಿಗಳಿಂದ ಲಂಚ ಕೇಳಿದ ಸುದ್ದಿ 1798ರಲ್ಲಿ ಹೊರಬಿದ್ದು ಸಮುದ್ರದಲ್ಲಿ ಕಾಳಗ ಶುರುವಾದಾಗ, ತಮ್ಮದೇ ಪಕ್ಷದ ಹಲವರು ಯುದ್ಧಕ್ಕೆ ಹಾತೊರೆಯುತ್ತಿದ್ದರೂ ಫೆಡರಲಿಸ್ಟ್ ಅಧ್ಯಕ್ಷ ಜಾನ್ ಆಡಮ್ಸ್ ಫ್ರಾನ್ಸಿಗೆ ಶಾಂತಿದೂತರನ್ನು ಕಳಿಸಿದರು. ಪಕ್ಷ ಒಡೆಯಿತು, 1800ರ ಚುನಾವಣೆಯಲ್ಲಿ ಅವರು ಸೋತರು. ಆದರೂ ಅವರದು ಆ ದಶಕದ ಅತ್ಯಂತ ಧೀರ ನಿರ್ಧಾರವೆಂದು ನಾನು ನಂಬುತ್ತೇನೆ. ಅದೇ ಆಡಮ್ಸ್ ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ತಳ್ಳುವ ಸೆಡಿಷನ್ ಕಾಯ್ದೆಗೆ ಸಹಿ ಹಾಕಿದ್ದನ್ನು ಮಾತ್ರ ಸಮರ್ಥಿಸಲಾಗದು.

ಪಕ್ಷಕ್ಕೆ ಕೊನೆಯ ಪೆಟ್ಟು ಬಿದ್ದದ್ದು 1812ರ ಬ್ರಿಟನ್ ವಿರುದ್ಧದ ಯುದ್ಧದಿಂದ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಒಬ್ಬ ಫೆಡರಲಿಸ್ಟನೂ ಅದರ ಪರ ಮತ ಹಾಕಲಿಲ್ಲ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸೇರಿ ಸಿದ್ಧಪಡಿಸಿದ, ಯುದ್ಧದ ವಿರುದ್ಧದ ದೂರುಗಳು ವಾಷಿಂಗ್ಟನ್ ನಗರ ತಲುಪುವ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನ ಗೆಲುವಿನ ಸುದ್ದಿಯೂ ಶಾಂತಿ ಒಪ್ಪಂದದ ಸುದ್ದಿಯೂ ಬಂದು, ಆ ಪಕ್ಷ ದೇಶದ ಕಣ್ಣಲ್ಲಿ ದ್ರೋಹಿಯಂತೆ ನಿಂತಿತು. 1816ರಲ್ಲಿ ಅದರ ಅಭ್ಯರ್ಥಿ ರೂಫಸ್ ಕಿಂಗ್ ಅವರಿಗೆ ದಕ್ಕಿದ್ದು 34 ಚುನಾಯಕ ಮತಗಳು (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತಗಳು) ಮಾತ್ರ. ಮುಂದಿನ ಸಲ ಪಕ್ಷವು ಅಧ್ಯಕ್ಷ ಹುದ್ದೆಗೆ ಯಾರನ್ನೂ ನಿಲ್ಲಿಸಲಿಲ್ಲ.